ಟೊಮೆಟೊ ಸೂಪ್ ಮತ್ತು ಹಸಿ ಎಲೆಗಳ ಸಲಾಡ್: ನೀರಿನ ಲೆಕ್ಕ ತಪ್ಪದ ಹಾಗೆ

ಟೊಮೆಟೊ ಹಣ್ಣಿನಲ್ಲಿ ನೂರಕ್ಕೆ 94–95 ಭಾಗ ನೀರೇ ಇರುತ್ತದೆ. ಲೆಟ್ಯೂಸ್ ಎಲೆಯಲ್ಲೂ ಅಷ್ಟೇ, ಪಾಲಕ್‌ನಲ್ಲಿ ಸ್ವಲ್ಪ ಕಡಿಮೆ. ಸೂಪ್ ಸಪ್ಪೆಯಾಗುವುದಕ್ಕೂ ಸಲಾಡ್ ಬಟ್ಟಲಿನ ತಳದಲ್ಲಿ ಕೆಂಪು ನೀರು ನಿಲ್ಲುವುದಕ್ಕೂ ಬಹುತೇಕ ಈ ನೀರೇ ಕಾರಣ. ಸೂಪಿನಲ್ಲಿ ನೀರನ್ನು ಆವಿಯಾಗಿಸಿ ಓಡಿಸಬೇಕು. ಸಲಾಡಿನಲ್ಲಿ ಎಲೆಯ ಒಳಗಿನ ನೀರು ಒಳಗೇ ಉಳಿಯಬೇಕು, ಮೇಲಿನ ನೀರು ಒಂದು ಹನಿಯೂ ಇರಬಾರದು. ಮಸಾಲೆ, ಕ್ರೀಮ್, ಅಲಂಕಾರಗಳ ಮಾತು ಆಮೇಲೆ.

ಹಣ್ಣಿನ ಆಯ್ಕೆ

ಸೂಪಿಗೆ ಪೂರ್ತಿ ಹಣ್ಣಾದ, ಒತ್ತಿದರೆ ಸ್ವಲ್ಪ ಬಗ್ಗುವ ಟೊಮೆಟೊ ಬೇಕು. ಉದ್ದನೆಯ, ತಿರುಳು ದಪ್ಪವಿರುವ ಜಾತಿಯಲ್ಲಿ ನೀರು ಕಡಿಮೆ, ಬೇಗ ಗಟ್ಟಿಯಾಗುತ್ತದೆ. ದುಂಡನೆಯ ರಸಭರಿತ ಹಣ್ಣೂ ಆಗುತ್ತದೆ, ಕುದಿಸುವ ಸಮಯ ಹತ್ತು ನಿಮಿಷ ಹೆಚ್ಚು ಅಷ್ಟೇ. ಸಲಾಡಿಗೆ ಬಣ್ಣ ತುಂಬಿದ್ದರೂ ಗಟ್ಟಿ ಇರುವ ಹಣ್ಣು, ಇಲ್ಲವೇ ಚೆರ್ರಿ ಟೊಮೆಟೊ ಒಳ್ಳೆಯದು.

ಪೂರ್ತಿ ಹಣ್ಣಾಗದ ಟೊಮೆಟೊವನ್ನು ಫ್ರಿಜ್ಜಿಗೆ ಇಡಬೇಡಿ. ತಂಪಿನಲ್ಲಿ ಪರಿಮಳದ ಅಂಶಗಳು ಹುಟ್ಟುವುದು ನಿಲ್ಲುತ್ತದೆ, ತಿರುಳು ಹಿಟ್ಟು ಹಿಟ್ಟಾಗುತ್ತದೆ. ಹೊರಗಡೆ, ನೇರ ಬಿಸಿಲು ಬೀಳದ ಕಡೆ ಇಟ್ಟು ಹಣ್ಣಾಗಲು ಬಿಡಿ. ಚೆನ್ನಾಗಿ ಹಣ್ಣಾದ ಮೇಲೆ ಒಂದೆರಡು ದಿನ ಫ್ರಿಜ್ಜಿನಲ್ಲಿದ್ದರೆ ದೊಡ್ಡ ನಷ್ಟವಿಲ್ಲ, ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ.

ಇನ್ನೊಂದು ಮಾತು: ಬೀಜದ ಸುತ್ತಲಿನ ಲೋಳೆಯನ್ನು ಕಿತ್ತು ಎಸೆಯುವ ಅಭ್ಯಾಸ ಬಿಡುವುದು ಮೇಲು. ನಾಲಿಗೆಗೆ ಹತ್ತುವ ಆ ತುಂಬಿದ ರುಚಿಗೆ ಕಾರಣವಾದ ಗ್ಲುಟಮೇಟ್ ತಿರುಳಿಗಿಂತ ಆ ಲೋಳೆಯಲ್ಲೇ ಹೆಚ್ಚು. ಬೀಜ ಬೇಡವೆಂದರೆ ಕೊನೆಯಲ್ಲಿ ಜರಡಿ ಹಿಡಿಯಿರಿ, ರಸ ಉಳಿಯುತ್ತದೆ.

ನಾಲ್ಕು ಬಟ್ಟಲು ಸೂಪಿಗೆ

1 ಕೆಜಿ ಟೊಮೆಟೊ, ಮಧ್ಯಮ ಗಾತ್ರದ 1 ಈರುಳ್ಳಿ, 4 ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಆಲೂಗಡ್ಡೆ (ಸುಮಾರು 80 ಗ್ರಾಂ), 2 ದೊಡ್ಡ ಚಮಚ ಬೆಣ್ಣೆ ಅಥವಾ ಎಣ್ಣೆ, 400 ಮಿಲೀ ನೀರು, 1 ಸಣ್ಣ ಚಮಚ ಉಪ್ಪು, ಅರ್ಧ ಸಣ್ಣ ಚಮಚ ಕಾಳುಮೆಣಸಿನ ಪುಡಿ. ಸಕ್ಕರೆ ಬೇಕಾದರೆ ಮಾತ್ರ, ಅದೂ ಕೊನೆಯಲ್ಲಿ. ದಪ್ಪ ತಳದ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಹುಳಿ ಲೋಹದೊಂದಿಗೆ ವರ್ತಿಸಿ ಸೂಪಿಗೆ ಲೋಹದ ವಾಸನೆ ಬರುತ್ತದೆ.

ಬೆಣ್ಣೆ ಕರಗಿಸಿ ಹೆಚ್ಚಿದ ಈರುಳ್ಳಿ, ತೆಳುವಾಗಿ ಬಿಲ್ಲೆ ಮಾಡಿದ ಆಲೂಗಡ್ಡೆ, ಒಂದು ಚಿಟಿಕೆ ಉಪ್ಪು ಹಾಕಿ. ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ, ನಡುನಡುವೆ ಕೈಯಾಡಿಸುತ್ತ 10–12 ನಿಮಿಷ ಬೇಯಿಸಿ. ತಳ ಹಿಡಿಯುವಂತಿದ್ದರೆ ಅಳತೆಯ ನೀರಿನಿಂದಲೇ ನಾಲ್ಕೈದು ಚಮಚ ಹಾಕಿ. ಈರುಳ್ಳಿ ಕೆಂಪಾಗಬಾರದು, ಮೆತ್ತಗಾಗಿ ಪಾರದರ್ಶಕವಾಗಬೇಕು. ಆಲೂಗಡ್ಡೆ ಬೆರಳಲ್ಲಿ ಹಿಸುಕಿದರೆ ಒಡೆಯಬೇಕು.

ಈ ಹಂತವನ್ನು ಅವಸರದಲ್ಲಿ ಮುಗಿಸಿದರೆ ಮುಂದೆ ಸರಿಪಡಿಸಲು ದಾರಿಯಿಲ್ಲ. ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಹುಳಿಯಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ಅರೆಬೆಂದ ಈರುಳ್ಳಿಯ ಮೇಲೆ ಟೊಮೆಟೊ ಸುರಿದರೆ ಅರ್ಧ ಗಂಟೆ ಕುದಿಸಿದರೂ ಈರುಳ್ಳಿ ಕರುಕರು ಎನ್ನುತ್ತಲೇ ಇರುತ್ತದೆ, ರುಬ್ಬಿದಾಗ ಹಸಿ ವಾಸನೆ ಹೊಡೆಯುತ್ತದೆ. ಕ್ಯಾರೆಟ್ ಹಾಕುವವರಿಗೂ ಇದೇ ಮಾತು. ಗಟ್ಟಿ ತರಕಾರಿ ಯಾವುದೇ ಇರಲಿ, ಟೊಮೆಟೊಗಿಂತ ಮೊದಲೇ ಬೇಯಬೇಕು.

ಬೆಳ್ಳುಳ್ಳಿ ಜಜ್ಜಿ ಹಾಕಿ, ಒಂದು ನಿಮಿಷ ಬಾಡಿಸಿ. ಈಗ ಹೆಚ್ಚಿದ ಟೊಮೆಟೊ, ಉಳಿದ ಉಪ್ಪು. ಮುಚ್ಚಳ ತೆಗೆದು ಮಧ್ಯಮ ಉರಿಯಲ್ಲಿ 15 ನಿಮಿಷ ಬಿಡಿ. ಮೊದಲು ರಸ ಬಿಟ್ಟುಕೊಂಡು ನೀರು ನೀರಾಗುತ್ತದೆ, ಆಮೇಲೆ ಕುಗ್ಗುತ್ತ ಬಣ್ಣ ಗಾಢವಾಗುತ್ತದೆ. ಸೌಟು ಎಳೆದಾಗ ಪಾತ್ರೆಯ ತಳ ಒಂದು ಕ್ಷಣ ಕಂಡು ಮತ್ತೆ ಮುಚ್ಚಿಕೊಂಡರೆ ಹದ ಸರಿ. ಆಮೇಲೆ ನೀರು ಸೇರಿಸಿ ಇನ್ನು 8–10 ನಿಮಿಷ ಸಣ್ಣಗೆ ಕುದಿಸಿ. ನೀರನ್ನು ಮೊದಲೇ ಸುರಿದರೆ ಹಣ್ಣು ನೀರಿನಲ್ಲಿ ಬೇಯುತ್ತದೆ ಹೊರತು ರುಚಿ ಒಟ್ಟುಗೂಡುವುದಿಲ್ಲ.

ಓವನ್ ಇದ್ದರೆ ಸುಡುವ ದಾರಿಯೂ ಇದೆ. ಹಣ್ಣನ್ನು ಎರಡು ಹೋಳು ಮಾಡಿ, ಕತ್ತರಿಸಿದ ಭಾಗ ಮೇಲೆ ಬರುವಂತೆ ತಟ್ಟೆಯಲ್ಲಿ ಜೋಡಿಸಿ, ಎಣ್ಣೆ ಸವರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 40–45 ನಿಮಿಷ ಬಿಡಿ. ಬೆಳ್ಳುಳ್ಳಿಯನ್ನು ಸಿಪ್ಪೆಯೊಂದಿಗೇ ಇಡಿ, ಬಿಡಿಸಿ ಇಟ್ಟರೆ ಕರಕಲಾಗಿ ಕಹಿಯಾಗುತ್ತದೆ. ಹೀಗೆ ಮಾಡಿದಾಗ ಹಣ್ಣಿನ ನೀರು ಹೆಚ್ಚು ಹೋಗಿರುವುದರಿಂದ ಸೂಪಿಗೆ 600 ಮಿಲೀ ನೀರು ಹಿಡಿಸುತ್ತದೆ.

ರುಬ್ಬುವಾಗ

ಬಿಸಿ ಸೂಪನ್ನು ಮಿಕ್ಸಿ ಜಾರಿಗೆ ತುಂಬಿ ಮುಚ್ಚಳ ಬಿಗಿದರೆ ಒಳಗಿನ ಹಬೆ ಮುಚ್ಚಳವನ್ನೇ ಹಾರಿಸುತ್ತದೆ. ಹತ್ತು ಹದಿನೈದು ನಿಮಿಷ ಆರಲಿ. ಜಾರಿಗೆ ಅರ್ಧಕ್ಕಿಂತ ಹೆಚ್ಚು ಹಾಕಬೇಡಿ, ಮುಚ್ಚಳದ ನಡುವಿನ ಬಿರಡೆ ತೆಗೆದು ಮೇಲೆ ದಪ್ಪ ಬಟ್ಟೆ ಹಿಡಿದು ತಿರುಗಿಸಿ.

ಎರಡು ಮೂರು ನಿಮಿಷ ಬಿಡದೆ ತಿರುಗಿಸಿದರೆ ಎರಡು ತೊಂದರೆ. ಗಾಳಿ ಸೇರಿ ಕೆಂಪು ಸೂಪ್ ಪೇಲವ ಕಿತ್ತಳೆಯಾಗುತ್ತದೆ. ಆಲೂಗಡ್ಡೆಯ ಪಿಷ್ಟ ಹರಿದು ಸೂಪ್ ಅಂಟಂಟಾಗುತ್ತದೆ. 30–40 ಸೆಕೆಂಡು ಸಾಕು. ಉಳಿದ ಸಿಪ್ಪೆ, ಬೀಜಗಳನ್ನು ಜರಡಿಯಲ್ಲಿ ಸೌಟಿನ ಬೆನ್ನಿನಿಂದ ಒತ್ತಿ ಸೋಸಿ. ನೊರೆಯಿಂದ ಬಣ್ಣ ಕೆಟ್ಟಿದ್ದರೆ ಗಾಬರಿ ಬೇಡ, ಐದು ನಿಮಿಷ ಸಣ್ಣ ಉರಿಯಲ್ಲಿಟ್ಟರೆ ಗುಳ್ಳೆ ಹೋಗಿ ಕೆಂಪು ಬಹುಮಟ್ಟಿಗೆ ಮರಳುತ್ತದೆ.

ಹುಳಿ ಹೆಚ್ಚಾಯಿತೇ? ಮೊದಲು ಉಪ್ಪು ನೋಡಿ. ಉಪ್ಪು ಸಾಲದ ಸೂಪ್ ಹುಳಿಯಾಗಿ ಕಾಣುವುದೇ ಹೆಚ್ಚು. ಆಮೇಲೂ ಚುಚ್ಚುತ್ತಿದ್ದರೆ ಅರ್ಧ ಸಣ್ಣ ಚಮಚ ಸಕ್ಕರೆ. ಅದಕ್ಕೂ ಬಗ್ಗದಿದ್ದರೆ ಅಡುಗೆ ಸೋಡಾ, ಒಂದು ಸಣ್ಣ ಚಮಚದ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಲ್ಲ. ನೊರೆ ಉಕ್ಕಿ ತಣಿದ ಮೇಲೆ ರುಚಿ ನೋಡಿ. ಸಕ್ಕರೆ ಹುಳಿಯನ್ನು ಮರೆಮಾಡುತ್ತದೆ, ಸೋಡಾ ಹುಳಿಯನ್ನೇ ಕೊಲ್ಲುತ್ತದೆ. ಕೈ ಜಾರಿದರೆ ಸೋಪಿನ ರುಚಿ ಬರುತ್ತದೆ, ಆಗ ಇನ್ನಷ್ಟು ಟೊಮೆಟೊ ಸೇರಿಸುವುದೊಂದೇ ದಾರಿ.

ಕ್ರೀಮ್ ಹಾಕುವುದಾದರೆ ಒಲೆ ಆರಿಸಿದ ಮೇಲೆ, 60–80 ಮಿಲೀ. ಕ್ರೀಮನ್ನು ಬಟ್ಟಲಲ್ಲಿಟ್ಟು ಅದಕ್ಕೆ ಎರಡು ಸೌಟು ಬಿಸಿ ಸೂಪ್ ಬೆರೆಸಿ, ಆ ಮಿಶ್ರಣವನ್ನು ಪಾತ್ರೆಗೆ ಹಾಕಿ. ಮತ್ತೆ ಕುದಿಸಬೇಡಿ. ಹುಳಿ ಮತ್ತು ಕಾವು ಜೊತೆಯಾದಾಗ ಹಾಲಿನ ಪ್ರೋಟೀನ್ ಗಂಟುಕಟ್ಟಿ ಸೂಪ್ ಒಡೆಯುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಒಡೆಯುವ ಭಯ ಕಡಿಮೆ, ಆದ್ದರಿಂದ ಗಟ್ಟಿ ಕ್ರೀಮ್ ತಡೆದುಕೊಳ್ಳುತ್ತದೆ, ತೆಳು ಹಾಲು ತಡೆಯುವುದಿಲ್ಲ. ಹಾಲೇ ಬೇಕೆಂದರೆ 200 ಮಿಲೀ ತಣ್ಣನೆಯ ಹಾಲಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ, ಬೇರೆ ಪಾತ್ರೆಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ ಆಮೇಲೆ ಬೆರೆಸಿ. ಪಿಷ್ಟ ನಡುವೆ ನಿಂತು ಪ್ರೋಟೀನ್ ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಹಾಗಂತ ಒಳ್ಳೆಯ ಹಣ್ಣು ಸಿಕ್ಕಾಗ ಕ್ರೀಮ್ ಹಾಕುವುದು ಹಣ್ಣಿಗೆ ಅನ್ಯಾಯ. ಬೆಣ್ಣೆಯಷ್ಟೇ ಸಾಕು.

ಸೂಪಿಗೆ ಸೊಪ್ಪು

ಹಸಿರು ಬಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ. ಬಿಸಿ ಹುಳಿಯಲ್ಲಿ ಎಲೆಯ ಕ್ಲೋರೋಫಿಲ್ ತನ್ನ ಮೆಗ್ನೀಸಿಯಂ ಕಳೆದುಕೊಂಡು ಕಂದು ಮಿಶ್ರಿತ ಪಾಚಿ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಪಾಲಕ್ ಬೇಕಿದ್ದರೆ ಎರಡು ಹಿಡಿ ಸಣ್ಣಗೆ ಹೆಚ್ಚಿ, ರುಬ್ಬಿ ಸೋಸಿದ ಸೂಪ್ ಕುದಿಯುವಾಗ ಕೊನೆಯ ಒಂದೂವರೆ ನಿಮಿಷದಲ್ಲಿ ಹಾಕಿ, ಕೂಡಲೇ ಬಡಿಸಿ. ಬೇಸಿಲ್, ಕೊತ್ತಂಬರಿ, ಪುದೀನ ಬಟ್ಟಲಿಗೆ ಸುರಿದ ಮೇಲೆ ಉದುರಿಸುವಂಥವು. ಅವುಗಳ ಎಳೆ ದಂಟನ್ನು ಮಾತ್ರ ಎಸೆಯದೆ ಈರುಳ್ಳಿಯ ಜೊತೆ ಬಾಡಿಸಿ, ಪುದೀನದ ದಂಟು ನಾರು, ಅದು ಬೇಡ.

ಸಲಾಡ್: ತೊಳೆಯುವುದೇ ಅರ್ಧ ಕೆಲಸ

ನಾಲ್ವರಿಗೆ 150 ಗ್ರಾಂ ಎಲೆ ಸಾಕು: ಲೆಟ್ಯೂಸ್, ಎಳೆ ಪಾಲಕ್, ಖಾರ ಬೇಕೆನಿಸಿದರೆ ಒಂದು ಹಿಡಿ ರಾಕೆಟ್ ಸೊಪ್ಪು (ಅರುಗುಲ). ದೊಡ್ಡ ಪಾತ್ರೆಯ ತುಂಬ ತಣ್ಣೀರಿನಲ್ಲಿ ಎಲೆಗಳನ್ನು ಮುಳುಗಿಸಿ ಅಲುಗಾಡಿಸಿ, ಎರಡು ನಿಮಿಷ ಬಿಡಿ. ಮಣ್ಣು ತಳಕ್ಕಿಳಿಯುತ್ತದೆ. ಎಲೆಗಳನ್ನು ಮೇಲಿನಿಂದ ಎತ್ತಿ ತೆಗೆಯಿರಿ. ಪಾತ್ರೆಯನ್ನು ಜರಡಿಗೆ ಬಗ್ಗಿಸಿದರೆ ತಳದ ಮಣ್ಣು ಮತ್ತೆ ಎಲೆಯ ಮೇಲೇ ಬೀಳುತ್ತದೆ. ತಳದಲ್ಲಿ ಮರಳು ಕಾಣದವರೆಗೆ ನೀರು ಬದಲಿಸಿ ಮತ್ತೆ ಮಾಡಿ. ಸೋಪು, ಪಾತ್ರೆ ತೊಳೆಯುವ ದ್ರವ ಬೇಡ, ಎಲೆ ಅದನ್ನು ಹೀರಿಕೊಳ್ಳುತ್ತದೆ.

ಬಾಡಿದ ಎಲೆಯಾದರೆ ಐಸ್ ಹಾಕಿದ ನೀರಿನಲ್ಲಿ 15–20 ನಿಮಿಷ ನೆನೆಸಿ. ಜೀವಕೋಶಗಳು ನೀರು ಕುಡಿದು ಮತ್ತೆ ಸೆಟೆದು ನಿಲ್ಲುತ್ತವೆ. ಹಳದಿಯಾದದ್ದು, ಲೋಳೆ ಹಿಡಿದದ್ದು ಮಾತ್ರ ಬದುಕುವುದಿಲ್ಲ, ಆರಿಸಿ ತೆಗೆಯಿರಿ.

ಆಮೇಲೆ ಒಣಗಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ಒದ್ದೆ ಎಲೆಗೆ ಅಂಟುವುದಿಲ್ಲ, ಜಾರಿ ತಳ ಸೇರುತ್ತದೆ, ತಿನ್ನುವಾಗ ಎಲೆ ಸಪ್ಪೆ. ಸಲಾಡ್ ಒಣಗಿಸುವ ಬುಟ್ಟಿ ಇಲ್ಲದಿದ್ದರೆ ದೊಡ್ಡ ಹತ್ತಿ ಬಟ್ಟೆಯಲ್ಲಿ ಎಲೆ ಹರಡಿ, ನಾಲ್ಕು ಮೂಲೆ ಸೇರಿಸಿ ಗಂಟು ಹಿಡಿದು ಗಿರಗಿರನೆ ಬೀಸಿ (ಅಡುಗೆಮನೆಯ ಹೊರಗೆ ನಿಂತು ಬೀಸುವುದು ಕ್ಷೇಮ). ಒಣಗಿದ ಎಲೆಯನ್ನು ಬಟ್ಟೆ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಬಡಿಸುವ ಹೊತ್ತಿಗೆ ಇನ್ನೂ ಗರಿಗರಿ.

400 ಗ್ರಾಂ ಟೊಮೆಟೊವನ್ನು ಹಲ್ಲಿರುವ ಚಾಕುವಿನಿಂದ ಹೋಳು ಮಾಡಿ. ಮೊಂಡು ಚಾಕು ಸಿಪ್ಪೆಯನ್ನು ಕೊಯ್ಯುವ ಬದಲು ಹಣ್ಣನ್ನು ಹಿಂಡುತ್ತದೆ. ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಜರಡಿಯಲ್ಲಿ ಹಾಕಿ, ಕೆಳಗೆ ಬಟ್ಟಲಿಟ್ಟು 15 ನಿಮಿಷ ಬಿಡಿ. ಇಳಿದ ರಸ ಚೆಲ್ಲಬೇಡಿ, ಡ್ರೆಸಿಂಗ್‌ಗೆ (ಎಲೆಗೆ ಬೆರೆಸುವ ಹುಳಿ, ಎಣ್ಣೆಯ ಮಿಶ್ರಣಕ್ಕೆ) ಅದೇ ಜೀವ. ಸೌತೆಕಾಯಿಗೂ ಹೀಗೇ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿಕೊಳ್ಳಿ. ಹಸಿ ಈರುಳ್ಳಿಯ ಘಾಟು ಹೆಚ್ಚೆನಿಸಿದರೆ ತೆಳುವಾಗಿ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ನೆನೆಸಿ.

ಡ್ರೆಸಿಂಗ್‌ಗೆ ಒಂದು ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆರಸ, ಒಂದು ದೊಡ್ಡ ಚಮಚ ಟೊಮೆಟೊ ರಸ, ಅರ್ಧ ಸಣ್ಣ ಚಮಚ ಸಾಸಿವೆ ಪೇಸ್ಟ್, ಒಂದು ಚಿಟಿಕೆ ಉಪ್ಪು, ಮೆಣಸಿನ ಪುಡಿ. ಉಪ್ಪು ಮೊದಲು ಈ ಹುಳಿಯಲ್ಲೇ ಕರಗಬೇಕು, ಎಣ್ಣೆಯಲ್ಲಿ ಅದು ಕರಗುವುದಿಲ್ಲ. ಆಮೇಲೆ 3 ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ, ಮುಚ್ಚಳವಿರುವ ಬಾಟಲಿಯಲ್ಲಿ ಇಪ್ಪತ್ತು ಸೆಕೆಂಡು ಜೋರಾಗಿ ಕುಲುಕಿ. ಎಣ್ಣೆ ಮತ್ತು ಹುಳಿ ಬೇಗ ಬೇರೆಯಾಗದಂತೆ ಹಿಡಿಯುವುದು ಸಾಸಿವೆ. ಆಲಿವ್ ಎಣ್ಣೆಯನ್ನು ಮಿಕ್ಸಿಯಲ್ಲಿ ಜೋರಾಗಿ ತಿರುಗಿಸಬೇಡಿ, ಕಹಿಯಾಗಬಹುದು.

ಡ್ರೆಸಿಂಗ್ ಹಾಕಿಟ್ಟ ಸಲಾಡ್ ಸೋತು ಬೀಳುವುದು ವಿನೆಗರಿನಿಂದ ಎಂದು ಬಹಳ ಮಂದಿ ಭಾವಿಸುತ್ತಾರೆ. ಹೆಚ್ಚು ಹಾನಿ ಎಣ್ಣೆಯದು. ಎಲೆಯ ಮೇಲಿನ ಮೇಣದ ಪದರ ನೀರಿನಂಥ ವಿನೆಗರನ್ನು ಜಾರಿಸುತ್ತದೆ, ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಲೆ ಕಪ್ಪಿಟ್ಟು ಮೆತ್ತಗಾಗುತ್ತದೆ. ಅದಕ್ಕೇ ಸೂಪ್ ಬಟ್ಟಲಿಗೆ ಹೋದ ಮೇಲೆಯೇ ಸಲಾಡಿಗೆ ಡ್ರೆಸಿಂಗ್. ಅಗಲ ಬಟ್ಟಲಿನಲ್ಲಿ ಅರ್ಧ ಡ್ರೆಸಿಂಗ್ ಹಾಕಿ, ಕೈಯಲ್ಲೇ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಬೆರೆಸಿ, ಒಂದು ಎಲೆ ತಿಂದು ನೋಡಿ, ಬೇಕಿದ್ದರೆ ಮಾತ್ರ ಇನ್ನಷ್ಟು. ಟೊಮೆಟೊ ಹೋಳುಗಳು ಕೊನೆಗೆ, ಮೇಲೆ. ಕೇಲ್‌ನಂಥ ಒರಟು ಎಲೆ ಇದಕ್ಕೆಲ್ಲ ಹೊರತು. ನಡುವಿನ ದಪ್ಪ ನಾರು ತೆಗೆದು, ಸ್ವಲ್ಪ ಉಪ್ಪು, ಎಣ್ಣೆ ಹಾಕಿ ಎರಡು ನಿಮಿಷ ಕೈಯಲ್ಲಿ ಹಿಸುಕಿದರೇ ಅದು ತಿನ್ನಲು ಬರುವುದು.

ಪಾಲಕ್ ತಿಂದ ಮೇಲೆ ಹಲ್ಲಿಗೆ ಸುಣ್ಣ ಸವರಿದಂತಾದರೆ ಅದು ಎಲೆಯಲ್ಲಿರುವ ಆಕ್ಸಲೇಟ್ ಎಂಬ ಅಂಶದ ಕೆಲಸ. ಎಳೆಯ ಎಲೆ ಬಳಸಿದರೆ ಕಡಿಮೆಯಾಗುತ್ತದೆ.

ಉಳಿದರೆ

ಸೂಪನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನ ಧಾರಾಳವಾಗಿ ಇರುತ್ತದೆ. ದೊಡ್ಡ ಪಾತ್ರೆ ಒಳಗಿನವರೆಗೆ ತಣಿಯಲು ಬಹಳ ಹೊತ್ತು ಬೇಕು, ಸಣ್ಣ ಡಬ್ಬಿಗಳಿಗೆ ಹಂಚಿ. ಫ್ರೀಜರಿಗೆ ಹಾಕುವ ಭಾಗಕ್ಕೆ ಕ್ರೀಮ್ ಬೆರೆಸಬೇಡಿ, ಕರಗಿಸುವಾಗ ಒಡೆಯುತ್ತದೆ. ಡಬ್ಬಿಯ ಮೇಲ್ಭಾಗದಲ್ಲಿ ಎರಡು ಬೆರಳು ಜಾಗ ಬಿಡಿ. ಒಣಗಿಸಿದ ಎಲೆಗಳನ್ನು ತೆಳು ಕಾಗದದ ಟವೆಲ್ ಹಾಸಿದ ಡಬ್ಬಿಯಲ್ಲಿಟ್ಟರೆ ನಾಲ್ಕೈದು ದಿನ ಬಾಳುತ್ತವೆ, ಕಾಗದ ಒದ್ದೆಯಾದಾಗ ಬದಲಿಸಬೇಕು. ಡ್ರೆಸಿಂಗ್ ಬೆರೆತ ಸಲಾಡ್ ಮಾತ್ರ ಆ ಹೊತ್ತಿಗೇ ಮುಗಿಯಬೇಕು.