ರಾಗಂ ವಾಹಿನಿ: ಡಿಶ್ ನಾದ, ಮೊಬೈಲ್ ನಾದ

ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿ 2016ರ ಗಣರಾಜ್ಯೋತ್ಸವದಂದು ಶುರುವಾಯಿತು. ಡಿಶ್‌ನಲ್ಲೂ ಸಿಗುತ್ತದೆ, ಅಂತರ್ಜಾಲದ ಮೂಲಕ ಮೊಬೈಲ್‌ನಲ್ಲೂ ಸಿಗುತ್ತದೆ. ಯಾವುದರ ನಾದ ಮೇಲು ಎಂಬುದನ್ನು ಬರೀ ಕಿವಿಯಿಂದ ತೀರ್ಮಾನಿಸಲಾಗದು ಎಂದು ಉಡುಪಿಯ ನಮ್ಮ ಕೇಳುಗ ಮಿತ್ರರು ಪಟ್ಟು ಹಿಡಿದಿದ್ದರು. ತೀರ್ಮಾನಿಸಬಹುದು. ಅವರನ್ನೇ ಕೂರಿಸಿ ತೋರಿಸಿದ್ದೇನೆ.

ದೂರದರ್ಶನದ ಉಪಗ್ರಹ ಸೇವೆ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ, ನಿಜ. ಡಿಶ್, ಬಾಕ್ಸ್ ಸೇರಿ ಎರಡು ಸಾವಿರದ ಆಸುಪಾಸು ಆಯಿತು. ಆದರೆ ಮಲ್ಪೆಯ ಉಪ್ಪುಗಾಳಿಗೆ ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಂಕೇತ ಹಿಡಿಯುವ ಭಾಗ), ಕನೆಕ್ಟರ್‌ಗಳು ತುಕ್ಕು ಹಿಡಿದು, ಬದಲಿಸಲು ಅದಕ್ಕಿಂತ ಹೆಚ್ಚು ಹೋಯಿತು. ಈಗ ಕನೆಕ್ಟರ್‌ಗೆ ಹಚ್ಚುತ್ತಿರುವ ಲೇಪನ ಮಳೆಗಾಲವನ್ನೂ ತಡೆದಿದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. 93.5 ಡಿಗ್ರಿ ಪೂರ್ವದ ಉಪಗ್ರಹ ನಮಗೆ ಆಗ್ನೇಯದಲ್ಲಿ ಸುಮಾರು 63 ಡಿಗ್ರಿ ಎತ್ತರಕ್ಕಿದೆ. ಅಷ್ಟು ಮೇಲಿದ್ದರೂ ಅಂಗಳದ ತೆಂಗಿನ ಗರಿ ಗಾಳಿಗೆ ಅಡ್ಡ ಬಂದು ಸಂಕೇತ ಕಡಿಯುತ್ತಿತ್ತು. ಡಿಶ್ ತಾರಸಿಗೆ ಹೋಯಿತು, ಕೇಬಲ್ ಖರ್ಚು ಬೇರೆ.

ಒಂದನ್ನು ಕೇಳಿ ಇನ್ನೊಂದಕ್ಕೆ ಹೊರಳುವ ಕ್ರಮ ಕೈಕೊಟ್ಟಿತು. ಮೊಬೈಲ್ ಅರ್ಧ ನಿಮಿಷದಷ್ಟು ಹಿಂದಿರುತ್ತದೆ; ಜೊತೆಗೆ ಜೋರಾಗಿರುವುದೇ ಚೆಂದವೆಂದು ಕಿವಿ ನಂಬುತ್ತದೆ. ಬಾಕ್ಸ್‌ನ ಆರ್‌ಸಿಎ, ಅಂದರೆ ಮಾಮೂಲಿ ಅನಲಾಗ್ ಧ್ವನಿ ಕಿಂಡಿ, ಗುಂಯ್‌ಗುಟ್ಟುತ್ತಿದ್ದುದರಿಂದ ಡಿಜಿಟಲ್ ಔಟ್ ಹಿಡಿದೆ. ಎರಡನ್ನೂ ಏಕಕಾಲಕ್ಕೆ ಧ್ವನಿಮುದ್ರಿಸಿ, ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಒಂದೇ ಮೃದಂಗದ ಪೆಟ್ಟಿಗೆ ಕೂಡಿಸಿ, ಮಟ್ಟವನ್ನು 0.2 ಡೆಸಿಬೆಲ್ ಒಳಗೆ ಸಮ ಮಾಡಿದೆ. ಕಡತಗಳ ಹೆಸರು ಮುಚ್ಚಿಟ್ಟು, ಮೃದಂಗ ನುಡಿಸುವ ಗೆಳೆಯರ ಮುಂದಿಟ್ಟೆ. ಗಾಯನವನ್ನು ಬಿಡಿ, ಹಿಂದಿನ ತಂಬೂರಿಯನ್ನು ಕೇಳಿ ಎಂದೆ. ಬಹುಪಾಲು ಸಲ ಅವರು ಡಿಶ್ಶನ್ನೇ ಆರಿಸಿದರು. ಮೊಬೈಲ್‌ನದರಲ್ಲಿ ತಂತಿಯ ಝೇಂಕಾರದ ತುದಿ ನೀರಾಗುತ್ತಿತ್ತು, ಘಟದ ಪೆಟ್ಟಿನ ಅಂಚು ಮೊಂಡಾಗುತ್ತಿತ್ತು. ಯಾವ ಮೂವತ್ತು ಸೆಕೆಂಡು ಕತ್ತರಿಸಬೇಕೆಂಬ ಆಯ್ಕೆಯಲ್ಲಿ ಅರ್ಧ ಗುಟ್ಟಿದೆ. ಅದು ನನ್ನ ಬಳಿಯೇ ಇರಲಿ.

ಇದೇ ಹುರುಪಿನಲ್ಲಿ ನನ್ನದೇ ಯಕ್ಷಗಾನ ಧ್ವನಿಮುದ್ರಣವೊಂದನ್ನು ಕಡಿಮೆ ಬಿಟ್‌ರೇಟ್‌ಗೆ (ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣ) ಇಳಿಸಿ ನೋಡಿದೆ. ಮದ್ದಳೆ ತಾಳಿಕೊಂಡಿತು, ಚೆಂಡೆ ಚೂರುಚೂರಾಯಿತು. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಕೂಡ ಪರೀಕ್ಷೆಗೆ ಬಂತು: ಸಣ್ಣ ಸುಯ್‌ಗುಟ್ಟುವಿಕೆ ಇದ್ದರೂ ಪಿಟೀಲು ಬಲು ಹಿತವಾಗಿತ್ತು.

ಆಷಾಢದ ಜಡಿಮಳೆಗೆ ಮಾತ್ರ ಡಿಶ್ ಸೋಲುತ್ತದೆ. ಡಿಶ್ ಹಿಡಿಯುವ ಕು ಬ್ಯಾಂಡ್ (ಒಂದು ಬಗೆಯ ಅಧಿಕ ಆವರ್ತನದ ರೇಡಿಯೊ ಅಲೆ) ಸಂಕೇತವನ್ನು ಮಳೆ ನುಂಗುತ್ತದೆ. ಸದ್ದು ಮಸುಕಾಗುವುದಿಲ್ಲ, ಒಮ್ಮೆಲೇ ಕಡಿದುಬೀಳುತ್ತದೆ. ಆಗ ಮೊಬೈಲ್ ಹಚ್ಚುತ್ತೇನೆ. ದೊಡ್ಡ ಡಿಶ್ ಹೆಚ್ಚು ಸಂಕೇತ ಹಿಡಿಯುತ್ತದೆಂದು ಈ ಸಲ ಮಳೆಗೆ ಮೊದಲೇ 90 ಸೆಂಟಿಮೀಟರ್‌ನ ಹಳೆಯ ಡಿಶ್ ಒಂದನ್ನು ಎಂಟುನೂರಕ್ಕೆ ಚೌಕಾಸಿ ಮಾಡಿ ತಂದಿಟ್ಟಿದ್ದೇನೆ.