ಒಂದು ಗಂಟೆ ದಾರಿಯ ಮೈಸೂರಲ್ಲಿ ಒಂದು ರಾತ್ರಿ: ನಾಲ್ಕನೇ ಸಲಕ್ಕೆ ಕೂಡಿಬಂತು

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲು ಹತ್ತಿದರೆ ಒಂದು ಗಂಟೆ ಆಗುವಷ್ಟರಲ್ಲಿ ಇಳಿದಿರುತ್ತೇವೆ. ಹಾಗಾಗಿ ಶನಿವಾರ ಹೋಗಿ, ರಾತ್ರಿ ಲಾಡ್ಜಲ್ಲಿ ಉಳಿದು, ಭಾನುವಾರ ಬರ್ತೀವಿ ಅಂದಾಗ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ‘ಕುವೆಂಪುನಗರದಲ್ಲಿ ಚಿಕ್ಕಮ್ಮನ ಮನೆ ಇಟ್ಟುಕೊಂಡು ಲಾಡ್ಜಿಗೆ ಯಾಕೆ ದುಡ್ಡು ಸುರೀತೀರಿ?’ ಅಂದರು ಅತ್ತೆ. ‘ಮೈಸೂರಲ್ಲಿ ನೀವು ನೋಡದೇ ಇರೋದು ಏನಿದೆ?’ ಅಂದಳು ನಾದಿನಿ. ಆಸ್ಪತ್ರೆಗೆ, ಸೀರೆಗೆ, ಮದುವೆಗೆ ಅಂತ ನೂರು ಸಲ ಹೋಗಿ ಬಂದ ಊರು. ಅವರ ಮಾತು ತಪ್ಪೂ ಅಲ್ಲ.

ಆದರೆ ನನಗೆ ಒಂದು ನಂಬಿಕೆ ಇತ್ತು. ನಾವು ನೋಡಿರೋದು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರ ಮೈಸೂರು ಮಾತ್ರ. ಬೆಳಗಿನ ಆರು ಗಂಟೆಯ ಮಾರ್ಕೆಟ್ಟು, ರಾತ್ರಿ ಹತ್ತರ ಸಯ್ಯಾಜಿರಾವ್ ರಸ್ತೆ ಅಲ್ಲಿ ಮಲಗಿದವರಿಗೇ ಸಿಗೋದು. ಈ ಫೆಬ್ರವರಿಯಲ್ಲಿ ನಾಲ್ಕನೇ ಪ್ರಯತ್ನದಲ್ಲಿ ಅದು ನಿಜವಾಯಿತು. ರೂಮ್ ಬುಕ್ ಮಾಡೋದು, ರೈಲಿನ ಟೈಮ್ ನೋಡೋದು ನಿಮಗೆಲ್ಲ ಗೊತ್ತಿರೋದೇ. ಎಲ್ಲಿ ಸೋತೆವು, ಎಷ್ಟು ಕಳೆದೆವು ಅನ್ನೋದನ್ನು ಹೇಳ್ತೀನಿ.

ಮೊದಲನೇ ಸಲ ರಿಂಗ್ ರೋಡ್ ಪಕ್ಕದ ಒಂದು ದೊಡ್ಡ ಹೋಟೆಲಿಗೆ ಹೋದೆವು. ಈಜುಕೊಳ, ಬೆಳಗಿನ ತಿಂಡಿ ಎಲ್ಲ ಸೇರಿ 4,800 ರೂಪಾಯಿ ಅಂತ ನೆನಪು. ಆ ತಿಂಡಿ ಬಿಡೋಕೆ ಮನಸ್ಸಾಗದೆ ಕೂತು ತಿಂದು, ಊರೊಳಗೆ ಬರುವಷ್ಟರಲ್ಲಿ ಹನ್ನೊಂದೂವರೆ. ಆಟೋಗೇ ಆರುನೂರೋ ಏಳುನೂರೋ ಹೋಯಿತು. ರೂಮ್ ಚೆನ್ನಾಗಿತ್ತು, ನಿಜ. ಆದರೆ ಅಂಥ ರೂಮ್ ಎಲ್ಲಿ ಬೇಕಾದರೂ ಸಿಗುತ್ತೆ ಅಲ್ವಾ?

ಎರಡನೇ ಸಲ ಅತ್ತೆಯ ಮಾತು ಕೇಳಿ ಚಿಕ್ಕಮ್ಮನ ಮನೆಯಲ್ಲೇ ಉಳಿದೆವು. ರೂಮಿನ ಬಾಡಿಗೆ ಉಳಿಯಿತು. ಹಣ್ಣು, ಸಿಹಿ, ಮಕ್ಕಳ ಕೈಗೆ ಕೊಟ್ಟಿದ್ದು ಅಂತ ಒಂಬೈನೂರು ದಾಟಿತು. ಅವರು ತುಂಬಾ ಪ್ರೀತಿಯಿಂದ ನೋಡಿಕೊಂಡರು. ರಾತ್ರಿ ಒಂಬತ್ತಕ್ಕೆ ಇಬ್ಬರೇ ಹೊರಗೆ ಸುತ್ತಿ ಬರ್ತೀವಿ ಅಂತ ಅವರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಮಾಡಿಕೊಂಡೇ ಹೋಗಬೇಕು ಅಂದರು. ಅಲ್ಲಿಗೆ ಮುಗಿಯಿತು.

ಮೂರನೇದು ದಸರಾ ಸಮಯ. ಊರ ನಡುವೆಯೇ ರೂಮ್ ಹಿಡಿದೆವು. ರೇಟು ಮಾಮೂಲಿಗಿಂತ ಮೂರು ಪಟ್ಟು. ಕಾಲಿಟ್ಟಲ್ಲೆಲ್ಲ ಜನ, ಅಡ್ಡ ಕಟ್ಟಿದ ಬ್ಯಾರಿಕೇಡ್. ನಡೆಯೋದೇ ನಮ್ಮ ಉದ್ದೇಶ, ಅದೇ ಆಗಲಿಲ್ಲ. ನನ್ನವರಿಗೆ ಜ್ವರ ಬಂದು ಎರಡನೇ ರಾತ್ರಿ ಬೇಡ ಅಂದೆವು. ಆ ಲಾಡ್ಜಿನವರು 1,500 ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಆ ದುಡ್ಡು ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಆಮೇಲೆ ಒಂದೂವರೆ ವರ್ಷ ಈ ವಿಷಯ ಮನೆಯಲ್ಲಿ ಎತ್ತಲೇ ಇಲ್ಲ.

ನಾಲ್ಕನೇ ಸಲಕ್ಕೆ ಮೊದಲು ಕೂತು ಯೋಚಿಸಿದೆ. ಕೆ.ಆರ್. ಸರ್ಕಲ್ಲಿನಿಂದ ಇಪ್ಪತ್ತು ನಿಮಿಷ ನಡೆದರೆ ಎಷ್ಟು ದೂರವೋ ಅಷ್ಟೇ ನಮ್ಮ ಪಾಲಿನ ಮೈಸೂರು. ಬೆಟ್ಟ ಇಲ್ಲ, ಝೂ ಇಲ್ಲ, ಬೃಂದಾವನ ಇಲ್ಲ. ಆಟೋ ಹತ್ತುವ ಹಾಗೇ ಇಲ್ಲ. ಇನ್ನೊಂದು, ಎಲ್ಲಕ್ಕಿಂತ ಮುಖ್ಯವಾದದ್ದು: 24 ಗಂಟೆ ಚೆಕ್‌ಔಟ್ ಇರುವ ಹಳೇ ಲಾಡ್ಜೇ ಆಗಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಿಸುವ ಜಾಗದಲ್ಲಿ ಭಾನುವಾರ ಪೂರ್ತಿ ಬ್ಯಾಗ್ ಹೊತ್ತು ಅಲೆಯಬೇಕು. ನಾವು ಶನಿವಾರ ಮೂರೂಕಾಲಿಗೆ ಒಳಗೆ ಹೋದೆವು, ಭಾನುವಾರ ಮೂರೂಕಾಲಿನವರೆಗೆ ರೂಮ್ ನಮ್ಮದು. ಅಂದರೆ ಐದೂವರೆಗೆ ಎದ್ದು ಸುತ್ತಿ ಬಂದು, ಮಧ್ಯಾಹ್ನ ಎರಡು ಗಂಟೆ ಮಲಗಬಹುದು. ಈ ನಿದ್ದೆ ಇಲ್ಲದಿದ್ದರೆ ಸಂಜೆ ಇಬ್ಬರಿಗೂ ಸಿಡುಕು ಗ್ಯಾರಂಟಿ.

ಗಾಂಧಿ ಚೌಕದ ಹತ್ತಿರ ಅಂಥದ್ದೊಂದು ಸಿಕ್ಕಿತು. ಫೋನಲ್ಲಿ 1,800 ಅಂದವರು ಕೊನೆಗೆ 1,300ಕ್ಕೆ ಕೊಟ್ಟರು. ಹೇಗೆ ಇಳಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಅದನ್ನೇ ಮಾಡಿದರೆ ಮುಂದಿನ ಸಲ ನನಗೇ ಸಿಗಲ್ಲ. ರಸ್ತೆ ಕಡೆ ರೂಮ್ ಬೇಡ, ಹಿಂದುಗಡೆ ಮೂರನೇ ಮಹಡಿ ಕೇಳಿ. ಬಾತ್‌ರೂಮ್ ನೋಡಿಯೇ ದುಡ್ಡು ಕೊಡಿ.

ರೈಲು ಇಳಿದು ಇರ್ವಿನ್ ರಸ್ತೆಯಲ್ಲಿ ನಡೆದೇ ಬಂದೆವು. ಬ್ಯಾಗ್ ಇಟ್ಟು ಸೀದಾ ಜಗನ್ಮೋಹನ ಅರಮನೆ. 1861ರದ್ದು, ಈಗ ಚಿತ್ರಶಾಲೆ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದ ಮೇಲೆ, ಈಗಿನದು 1912ರಲ್ಲಿ ಮುಗಿಯುವವರೆಗೆ ರಾಜಮನೆತನ ಇದ್ದದ್ದು ಇಲ್ಲೇ. 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಬಂದ ಸಮಾರಂಭ ನಡೆದದ್ದೂ ಇಲ್ಲೇ. ನಾವು ಹೋದದ್ದು ಮಾತ್ರ ಒಂದೇ ಚಿತ್ರಕ್ಕೆ: ಹಲ್ದಣ್‌ಕರ್ ಅವರ ದೀಪ ಹಿಡಿದ ಹೆಂಗಸು. ರವಿವರ್ಮ ಬರೆದದ್ದು ಅಂತ ಎಷ್ಟೋ ಜನ ಇವತ್ತಿಗೂ ಹೇಳ್ತಾರೆ. ಅಲ್ಲ. ಅದು ಜಲವರ್ಣ. ಕೈಯಡಿಯ ದೀಪದ ಬೆಳಕು ಬೆರಳ ಸಂದಿಯಲ್ಲಿ ಕೆಂಪಗೆ ಸೋರುತ್ತೆ. ಚಿಕ್ಕವಳಿದ್ದಾಗ ಸ್ಕೂಲ್ ಟೂರಲ್ಲಿ ಅರ್ಧ ನಿಮಿಷ ನೋಡಿದ್ದೆ. ಈ ಸಲ ಇಪ್ಪತ್ತು ನಿಮಿಷ ನಿಂತೆವು. ಉಳಿದದ್ದನ್ನು ಹೆಚ್ಚು ನೋಡಲಿಲ್ಲ, ಅದಕ್ಕೆ ಬೇಸರವೂ ಇಲ್ಲ.

ಸಂಜೆ ಗಡಿಯಾರಗಳು. ಮಾರ್ಕೆಟ್ ಮುಂದಿನ ಚಿಕ್ಕ ಗಡಿಯಾರ ವೈಸರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿಗೆ ಕಟ್ಟಿಸಿದ್ದು. ಪುರಭವನದ ಎದುರಿನ ದೊಡ್ಡ ಗಡಿಯಾರ 1927ರದ್ದು, ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದ್ದಕ್ಕೆ. ಅದರ ಅಂಕಿಗಳು ಕನ್ನಡದಲ್ಲಿವೆ. ನಲವತ್ತು ವರ್ಷದಿಂದ ಅದರ ಕೆಳಗೆ ಓಡಾಡಿದ ನನಗೆ ಇದು ಗೊತ್ತೇ ಇರಲಿಲ್ಲ, ಯಾಕಂದರೆ ಯಾವತ್ತೂ ನಿಂತು ತಲೆ ಎತ್ತಿರಲಿಲ್ಲ. ನನ್ನವರು ಕೆಳಗೆ ನಿಂತು ೧, ೨, ೩ ಅಂತ ಹನ್ನೆರಡರವರೆಗೂ ಓದಿದರು.

ಫೋನ್ ಇಲ್ಲದೆ ಇರೋಣ ಅಂತ ಎರಡೂ ಫೋನ್ ರೂಮಲ್ಲಿ ಬಿಟ್ಟು ಬಂದಿದ್ದೆವು. ಈ ಪ್ರಯೋಗ ಕೆಟ್ಟಿತು. ಕಾಫಿ ಕುಡಿದು ಐನೂರರ ನೋಟು ಕೊಟ್ಟರೆ ಚಿಲ್ಲರೆ ಇಲ್ಲ. ಎರಡು ಕಡೆ ಹೀಗೇ ಆಯಿತು. ಮತ್ತೆ ರೂಮಿಗೆ ಹೋಗಿ ಒಂದು ಫೋನ್ ತಂದೆವು. ಈಗಿನ ಕ್ರಮ ಹೀಗಿದೆ: ಒಂದೇ ಫೋನ್, ದುಡ್ಡು ಕೊಡೋಕೆ ಮಾತ್ರ, ಜೊತೆಗೆ ಹತ್ತರ ನೋಟಿನ ಒಂದು ಕಟ್ಟು.

ರಾತ್ರಿ ಒಂಬತ್ತೂವರೆಗೆ ಸಯ್ಯಾಜಿರಾವ್ ರಸ್ತೆಗೆ ಇಳಿದೆವು. ಅಂಗಡಿಗಳ ಶಟರ್ ಎಳೆದ ಮೇಲೆ ಕಣ್ಣು ತಾನಾಗೇ ಮೇಲೆ ಹೋಗುತ್ತೆ. ಹಗಲು ಬೋರ್ಡುಗಳ ಹಿಂದೆ ಮರೆಯಾಗುವ ಕಮಾನು, ಕಂಬ, ಹಳೇ ಕಿಟಕಿ ಎಲ್ಲ ಕಾಣಿಸುತ್ತೆ. ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ನನ್ನವರು ನಿಂತುಬಿಟ್ಟರು. 1892ರ ಕಟ್ಟಡ. 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು, ಆಮೇಲೆ ಮುಚ್ಚಿದ್ದು. ಕಾಲೇಜು ಓದುವಾಗ ಇವರು ಹಳೇ ಪುಸ್ತಕ ಕೊಳ್ಳುತ್ತಿದ್ದದ್ದು ಇಲ್ಲೇ. ಯಾವ ಅಂಗಡಿ ಯಾವ ಕಮಾನಿನ ಕೆಳಗಿತ್ತು, ಪರೀಕ್ಷೆ ಮುಗಿದ ದಿನವೇ ಪುಸ್ತಕ ಮಾರಿ ಸಿನಿಮಾಗೆ ಹೋದದ್ದು, ಎಲ್ಲ ಹೇಳಿದರು. ಮದುವೆಯಾಗಿ ಹದಿನೆಂಟು ವರ್ಷ. ಈ ಕತೆಗಳು ನನಗೆ ಹೊಸವು. ಹಗಲು ಆ ಟ್ರಾಫಿಕ್ಕಲ್ಲಿ ನಿಂತು ಯಾರು ಹೇಳ್ತಾರೆ, ಯಾರು ಕೇಳ್ತಾರೆ? ಹನ್ನೊಂದಕ್ಕೆ ರೂಮಿಗೆ ಬಂದೆವು.

ಭಾನುವಾರ ಬೆಳಿಗ್ಗೆ ಆರಕ್ಕೆ ದೇವರಾಜ ಮಾರ್ಕೆಟ್. ಇಲ್ಲೂ 2016ರಲ್ಲಿ ಒಂದು ಭಾಗ ಕುಸಿಯಿತು. ಒಡೆದು ಕಟ್ಟಬೇಕೋ ಹಾಗೇ ಉಳಿಸಬೇಕೋ ಅನ್ನುವ ಜಗಳ ಕೋರ್ಟಿಗೂ ಹೋಯಿತು. ಉಳಿಯಲಿ ಅನ್ನುವವಳು ನಾನು. ಆ ಹೊತ್ತಲ್ಲಿ ಹೂವಿನ ಸಾಲಿನ ಬುಟ್ಟಿಗಳ ಬಾಯಿ ಆಗಷ್ಟೇ ಬಿಚ್ಚುತ್ತಿರುತ್ತಾರೆ. ನೆಲವೆಲ್ಲ ಒದ್ದೆ. ಮಲ್ಲಿಗೆಯ ವಾಸನೆ ಮೂಗಿಗೆ ಬಡಿಯುತ್ತೆ. ಹನ್ನೊಂದು ಗಂಟೆಗೆ ಹೋದರೆ ಆ ವಾಸನೆ ಅರ್ಧವೂ ಇರಲ್ಲ.

ಇಲ್ಲಿ ಒಂದು ಪ್ರಯೋಗ ಮಾಡಿದೆವು, ಅದು ಚೆನ್ನಾಗಿ ಬಂತು. ತಲಾ 150 ರೂಪಾಯಿ ಹಿಡಿದು ಒಂದು ಗಂಟೆ ಬೇರೆ ಬೇರೆ ಹೋಗಬೇಕು. ಇನ್ನೊಬ್ಬರಿಗೆ ಅಂತ ಒಂದು ವಸ್ತು ತರಬೇಕು. ಏನು ಬೇಕು ಅಂತ ಕೇಳುವ ಹಾಗಿಲ್ಲ. ಅವರು ಒಂದು ಮಾರು ಮಲ್ಲಿಗೆ, ಒಂದು ಕಟ್ಟು ಮೈಸೂರು ಚಿಗುರೆಲೆ ತಂದರು. ಊಟ ಆದ ಮೇಲೆ ಎಲೆ ಹಾಕೋದು ನನಗೆ ಇಷ್ಟ, ಮನೆಯಲ್ಲಿ ಅತ್ತೆಯ ಮುಂದೆ ಹಾಕಲ್ಲ. ಅದನ್ನು ಅವರು ಗಮನಿಸಿದ್ದರು. ನಾನು ಸಂತೇಪೇಟೆ ಕಡೆ ಹೋಗಿ ಒಂದು ಉಂಡೆ ನಾರಿನ ಹಗ್ಗ ತಂದೆ. ಹಿತ್ತಲಲ್ಲಿ ಹೀರೆ ಬಳ್ಳಿಗೆ ಚಪ್ಪರ ಕಟ್ಟಬೇಕು ಅಂತ ಇವರು ಎರಡು ತಿಂಗಳಿಂದ ಹೇಳುತ್ತಿದ್ದರು. ಹಗ್ಗ ನೋಡಿ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ತಿಂಡಿ ತಿಂದ ಜಾಗದ ಹೆಸರು ಹೇಳಲ್ಲ. ಆರೇ ಟೇಬಲ್ ಇವೆ. ಆಮೇಲೆ ಅಶೋಕ ರಸ್ತೆ ಹಿಡಿದು ಸಂತ ಫಿಲೋಮಿನಾ ಚರ್ಚಿನವರೆಗೆ ನಡೆದೆವು. ಅದರ ಎರಡು ಗೋಪುರ 175 ಅಡಿ. ದೂರದಿಂದಲೇ ಕಾಣುತ್ತವೆ, ಆದರೆ ನಡೆದಷ್ಟೂ ಮುಗಿಯಲ್ಲ. ನಮ್ಮ ಇಪ್ಪತ್ತು ನಿಮಿಷದ ಗಡಿ ಇಲ್ಲಿ ದಾಟಿತು. ವಾಪಸ್ ಬರುವಾಗ ಬಿಸಿಲು ಏರಿ ಕಾಲು ಸೋತಿತ್ತು. ಮುಂದಿನ ಸಲ ಇದನ್ನು ಶನಿವಾರ ಸಂಜೆಗೆ ಹಾಕಬೇಕು.

ಮಲಗಿ ಎದ್ದು, ಮೂರಕ್ಕೆ ರೂಮ್ ಬಿಟ್ಟು, ಬ್ಯಾಗನ್ನು ಅಲ್ಲೇ ರಿಸೆಪ್ಷನ್ನಲ್ಲಿ ಇಟ್ಟೆವು. ಉಳಿದದ್ದು ಒಂದೇ, ಸಂಜೆ ಏಳರ ಅರಮನೆ ದೀಪ. ಸುಮಾರು ಒಂದು ಲಕ್ಷ ಬಲ್ಬು, ಭಾನುವಾರ ಮತ್ತು ಸರ್ಕಾರಿ ರಜೆ ದಿನ ಹಚ್ಚುತ್ತಾರೆ. ಹೆಚ್ಚಿನವರು ಹತ್ತಿದ ಮೇಲೆ ಓಡಿ ಬರ್ತಾರೆ. ನೋಡಬೇಕಾದ್ದು ಹತ್ತುವ ಆ ಒಂದು ಕ್ಷಣ. ಆರೂವರೆಗೇ ಹೋಗಿ ನಿಲ್ಲಿ. ನಾವು ನಿಲ್ಲುವ ಜಾಗ ಮಾತ್ರ ಗುಟ್ಟು. ಅಲ್ಲಿಂದ ಅರಮನೆ ಪೂರ್ತಿ ಕಾಣುತ್ತೆ, ಮುಂದೆ ಯಾರ ಫೋನೂ ಅಡ್ಡ ಬರಲ್ಲ. ಮೂರು ಸಲ ಸೋತು ಹುಡುಕಿಕೊಂಡದ್ದು ಅದು. ದೀಪ ಹತ್ತಿದಾಗ ಇಡೀ ಜನ ಒಟ್ಟಿಗೆ ‘ಹೋ’ ಅಂದರು. ನನ್ನ ಕಣ್ಣಲ್ಲಿ ನೀರು ಬಂತು.

ವಾಪಸ್ ಬಸ್ಸಿಗೆ ಬಂದೆವು. ರಾತ್ರಿ ರೈಲಿಗೆ ಕಾಯುವುದಕ್ಕಿಂತ ಸಬರ್ಬನ್ ಸ್ಟ್ಯಾಂಡಿಗೆ ನಡೆಯೋದು ಸುಲಭ. 2023ರಿಂದ ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಇಲ್ಲ, ಅವರಿಗೆ ಎಂಬತ್ತರ ಆಸುಪಾಸು. ರೂಮ್ 1,300, ಊಟ ತಿಂಡಿ ಕಾಫಿ ಎಲ್ಲ ಸೇರಿ ಎಂಟುನೂರು, ಮಾರ್ಕೆಟ್ಟಿನ ಮುನ್ನೂರು, ರೈಲು ಮತ್ತು ಟಿಕೆಟ್ಟುಗಳಿಗೆ ಮುನ್ನೂರು ಚಿಲ್ಲರೆ. ಒಟ್ಟು 2,800 ಒಳಗೇ ಆಯಿತು. ಮೊದಲನೇ ಸಲದ ಬರೀ ರೂಮಿನ ದುಡ್ಡಿಗಿಂತ ಎರಡು ಸಾವಿರ ಕಮ್ಮಿ. ಲೆಕ್ಕದ ಚೀಟಿಯನ್ನು ನಾದಿನಿಗೆ ತೋರಿಸಿದೆ. ಎರಡು ಸಲ ಕೂಡಿ ನೋಡಿದಳು. ಯುಗಾದಿ ಕಳೆದ ಮೇಲೆ ಅವಳೂ ಅವಳ ಗಂಡನೂ ಹೋಗ್ತಾರಂತೆ. ಲಾಡ್ಜಿನ ನಂಬರ್ ಕೊಟ್ಟಿದ್ದೀನಿ. ನಿಲ್ಲುವ ಜಾಗ ಇನ್ನೂ ಹೇಳಿಲ್ಲ.