ಸೂರ್ಯನ ಸುತ್ತ ಉಂಗುರ ಕಂಡ್ರೆ ಏನ್ ಮಾಡ್ಬೇಕು, ಹೇಗೆ ನೋಡ್ಬೇಕು

2021ರ ಮೇ 24, ಲಾಕ್‌ಡೌನ್ ಟೈಮು. ಬೆಂಗಳೂರಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸು ಅಮ್ಮ ಟೆರೇಸ್ ಮೇಲೆ ಸಂಡಿಗೆ ಇಡ್ತಾ ಇದ್ರು, ಪಕ್ಕದ ಮನೆ ಹುಡುಗ "ಆಂಟೀ, ಮೇಲೆ ನೋಡಿ ಮೇಲೆ ನೋಡಿ" ಅಂತ ಕೂಗಿದ. ಸೂರ್ಯನ ಸುತ್ತ ಕಾಂಪಾಸಲ್ಲಿ ಎಳೆದ ಹಾಗೆ ದೊಡ್ಡ ಉಂಗುರ, ಒಳಗಡೆ ಅಂಚು ಕೆಂಪು. ಅವತ್ತು ಅರ್ಧ ಊರು ಟೆರೇಸ್ ಮೇಲಿತ್ತು, ವಾಟ್ಸಾಪ್ ತುಂಬ ಅದೇ ಫೋಟೋ, ಜೊತೆಗೆ ಇದು ಅಪಶಕುನ, ಕೊರೋನಾ ಇನ್ನೂ ಜಾಸ್ತಿ ಆಗತ್ತೆ ಅಂತ ಫಾರ್ವರ್ಡುಗಳು ಬೇರೆ. ಅಮ್ಮನೂ ಸ್ವಲ್ಪ ಹೆದರಿದ್ರು. ಅವರಿಗೆ ಅವತ್ತು ಹೇಳಿದ್ದನ್ನ, ಆಮೇಲೆ ನಾನೇ ನೋಡಿ ನೋಡಿ ಕಲಿತಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಇದು ಜನ ಅಂದ್ಕೊಂಡಷ್ಟು ಅಪರೂಪ ಏನಲ್ಲ, ನಾವು ತಲೆ ಎತ್ತಿ ನೋಡಲ್ಲ ಅಷ್ಟೇ.

ಮೊದಲು ಕಣ್ಣಿನ ವಿಷಯ. ಸೂರ್ಯನ್ನ ನೇರವಾಗಿ ನೋಡಲೇಬೇಡಿ, ತೆಳು ಮೋಡ ಇದೆ ಅಂತ ಧೈರ್ಯ ಮಾಡ್ಬೇಡಿ, ಕೂಲಿಂಗ್ ಗ್ಲಾಸ್ ಹಾಕೊಂಡಿದೀನಿ ಅಂತಾನೂ ಬೇಡ. ನೀರಿನ ಟ್ಯಾಂಕೋ, ಲೈಟ್ ಕಂಬದ ತಲೆಯೋ, ತೆಂಗಿನ ಗರಿಯೋ, ಯಾವುದಾದ್ರೂ ಸೂರ್ಯನಿಗೆ ಅಡ್ಡ ಬರೋ ಹಾಗೆ ಅದರ ನೆರಳಲ್ಲಿ ನಿಂತ್ಕೊಳ್ಳಿ. ಉಂಗುರ ಸೂರ್ಯನಿಂದ ತುಂಬ ದೂರ ಇರೋದ್ರಿಂದ ಸೂರ್ಯ ಮುಚ್ಚಿದ್ರೂ ಅದು ಪೂರ್ತಿ ಕಾಣತ್ತೆ, ಇನ್ನೂ ಚೆನ್ನಾಗೇ ಕಾಣತ್ತೆ. ಮಕ್ಕಳು ಜೊತೆಗಿದ್ರೆ ಅವರನ್ನ ಮೊದಲು ನೆರಳಿಗೆ ನಿಲ್ಲಿಸಿ, ಆಮೇಲೆ ಮೇಲೆ ತೋರಿಸಿ.

ಇನ್ನು ಯಾವತ್ತು ಹುಡುಕ್ಬೇಕು? ಆಕಾಶ ಶುದ್ಧ ನೀಲಿ ಇದ್ರೆ ಇಲ್ಲ, ದಪ್ಪ ಮಳೆ ಮೋಡ ಇದ್ರೂ ಇಲ್ಲ. ನೀರು ಮಜ್ಜಿಗೆ ಬಳಿದ ಹಾಗೆ ಆಕಾಶ ಪೂರ್ತಿ ತೆಳ್ಳಗೆ ಬೆಳ್ಳಗಾಗಿರಬೇಕು, ಬಿಸಿಲು ಮಂಕಾಗಿದ್ರೂ ನಿಮ್ಮ ನೆರಳು ನೆಲದ ಮೇಲೆ ಬೀಳ್ತಿರಬೇಕು. ಅದು ಸಿರ್ರೋಸ್ಟ್ರೇಟಸ್ ಅನ್ನೋ ಎತ್ತರದ ಮೋಡ. ಕೆಳಗೆ ನಮಗೆ 33 ಡಿಗ್ರಿ ಬೆವರು ಸುರೀತಿದ್ರೂ ಅಷ್ಟು ಮೇಲೆ ಶೂನ್ಯಕ್ಕಿಂತ ಎಷ್ಟೋ ಕೆಳಗಿನ ಚಳಿ, ಮೋಡದಲ್ಲಿರೋದು ನೀರಲ್ಲ, ಐಸ್ ಹರಳು. ಹಾಗಾಗಿ ಹಿಮ ಬೀಳೋ ದೇಶಕ್ಕೇ ಹೋಗ್ಬೇಕು ಅಂತೇನಿಲ್ಲ, ಕಲಬುರಗಿ ಬಿಸಿಲಲ್ಲೂ ಉಂಗುರ ಕಾಣಬಹುದು.

ಈಗ ಅದು ಉಂಗುರಾನೇ ಯಾಕಾಗತ್ತೆ ಅಂತ. ಮಕ್ಕಳ ಆರು ಮುಖದ ಪೆನ್ಸಿಲ್ ಒಂದು ಕೈಗೆ ತಗೊಳ್ಳಿ. ಐಸ್ ಹರಳು ಹೆಚ್ಚುಕಮ್ಮಿ ಅದೇ ಶೇಪು, ಕೆಲವು ಪೆನ್ಸಿಲ್ ಥರ ಉದ್ದ, ಕೆಲವು ಪೆನ್ಸಿಲನ್ನ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ ಹಾಗೆ ಚಪ್ಪಟೆ. ಬೆಳಕು ಒಂದು ಮುಖದಲ್ಲಿ ಒಳಗೆ ಹೋಗಿ, ಪಕ್ಕದ ಮುಖ ಬಿಟ್ಟು ಅದರಾಚೆ ಮುಖದಿಂದ ಹೊರಗೆ ಬರತ್ತೆ. ಆ ಎರಡು ಮುಖದ ಮಧ್ಯೆ 60 ಡಿಗ್ರಿ ಕೋನ, ಅಂದ್ರೆ ಸ್ಕೂಲ್ ಲ್ಯಾಬಲ್ಲಿ ನೋಡಿದ ಪ್ರಿಸಮ್ಮೇ. ಐಸಿನ ವಕ್ರೀಭವನ ಸೂಚ್ಯಂಕ, ಅಂದ್ರೆ ಬೆಳಕನ್ನ ಎಷ್ಟು ಬಾಗಿಸತ್ತೆ ಅನ್ನೋ ಅಳತೆ, 1.31, ಲೆಕ್ಕ ಹಾಕಿದ್ರೆ ಬೆಳಕು ಕಮ್ಮಿ ಅಂದ್ರೂ ಸುಮಾರು 22 ಡಿಗ್ರಿ ಬಾಗಲೇಬೇಕು, ಅದಕ್ಕಿಂತ ಕಮ್ಮಿ ಬಾಗೋಕೆ ಆಗಲ್ಲ. ಮೋಡದಲ್ಲಿ ಕೋಟಿಗಟ್ಟಲೆ ಹರಳು ದಿಕ್ಕಾಪಾಲಾಗಿ ತಿರುಗ್ತಿರತ್ತೆ, ಅವುಗಳಲ್ಲಿ ಬೆಳಕು ಸುಮಾರು 22ರ ಹತ್ತಿರಾನೇ ಜಾಸ್ತಿ ಸೇರತ್ತೆ, ಸೂರ್ಯನ ಸುತ್ತ ಎಲ್ಲ ಕಡೆ ಅಷ್ಟೇ ದೂರ ಅಂದ್ಮೇಲೆ ಅದು ವೃತ್ತ ಆಗ್ಲೇಬೇಕು. ಕೆಂಪು ಎಲ್ಲಕ್ಕಿಂತ ಕಮ್ಮಿ ಬಾಗೋದ್ರಿಂದ ಕೆಂಪು ಒಳಗಡೆ. ಒಂದ್ಸಲ ಗಮನ ಇಟ್ಟು ನೋಡಿ, ಉಂಗುರದ ಒಳಗಿನ ಆಕಾಶ ಹೊರಗಿಗಿಂತ ಸ್ವಲ್ಪ ಕಪ್ಪಗಿರತ್ತೆ, ಯಾಕಂದ್ರೆ 22ಕ್ಕಿಂತ ಕಮ್ಮಿ ಬಾಗಿದ ಬೆಳಕು ಈ ದಾರೀಲಿ ಬರೋದೇ ಇಲ್ಲ. ನನಗೆ ಉಂಗುರಕ್ಕಿಂತ ಈ ಕಪ್ಪೇ ಇಷ್ಟ.

ಅಳೆಯೋದು ಸುಲಭ. ಕೈ ಪೂರ್ತಿ ಮುಂದಕ್ಕೆ ಚಾಚಿ, ಬೆರಳು ಅಗಲ ಮಾಡಿ, ಹೆಬ್ಬೆರಳ ತುದಿಯಿಂದ ಸೂರ್ಯನ್ನ ಮುಚ್ಚಿದ್ರೆ ಕಿರುಬೆರಳ ತುದಿ ಹೆಚ್ಚುಕಮ್ಮಿ ಉಂಗುರದ ಮೇಲೆ ಬೀಳತ್ತೆ, ಅಂದ್ರೆ ಒಂದು ಗೇಣು. ಗೇಣಿಗೆ ಸರಿ ಹೊಂದಿದ್ರೆ ಅದು 22 ಡಿಗ್ರಿ ಉಂಗುರ, ನಮ್ಮ ಕನ್ನಡದ ಪರಿವೇಷ. ಎರಡು ಬೆರಳಗಲ ಮಾತ್ರ ಇದ್ದು ಕೆಂಪು ಹೊರಗಡೆ ಇದ್ರೆ ಅದು ಬೇರೆ, ಸಣ್ಣ ನೀರಿನ ಹನಿಗಳಿಂದ ಆಗೋದು, ಚಂದ್ರನ ಸುತ್ತ ಅದೇ ಜಾಸ್ತಿ ಕಾಣೋದು, ಜನ ಎರಡನ್ನೂ ಒಂದೇ ಅಂದ್ಕೊಂಡು ಬಿಡ್ತಾರೆ.

ಫೋಟೋಗೆ ಒಂದೆರಡು ಮಾತು. ಅವತ್ತು ನನ್ನ ಮೊದಲ ನಾಲ್ಕು ಫೋಟೋ ಬರೀ ಬಿಳಿ ಬಂತು. ಐದನೇದು ಟ್ಯಾಂಕ್ ಅಡ್ಡ ಇಟ್ಟು, ಸ್ಕ್ರೀನ್ ಮೇಲೆ ಒತ್ತಿ ಬ್ರೈಟ್‌ನೆಸ್ ಕೆಳಗೆ ಎಳೆದು ತೆಗೆದಾಗ ಬಂತು. ಉಂಗುರ ಈ ಅಂಚಿಂದ ಆ ಅಂಚಿಗೆ 44 ಡಿಗ್ರಿ ಇರೋದ್ರಿಂದ ಫೋನಲ್ಲಿ 0.5, ಅಂದ್ರೆ ಜಾಸ್ತಿ ಅಗಲ ಹಿಡಿಯೋ ಲೆನ್ಸ್, ಇದ್ರೆ ಅದನ್ನೇ ಹಾಕಿ. ಕ್ಯಾಮೆರಾ ಇರೋರು ಕಣ್ಣಿಟ್ಟು ನೋಡೋ ಕಿಂಡೀಲಿ ಸೂರ್ಯನ ಕಡೆ ನೋಡೋದು ಬೇಡವೇ ಬೇಡ.

ಉಂಗುರ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ, ಬೇರೆದೂ ಹುಡುಕಿ. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲಾದ್ರೆ ಸೂರ್ಯನ ಎಡಕ್ಕೆ ಬಲಕ್ಕೆ, ಅದೇ ಎತ್ತರದಲ್ಲಿ, ಒಂದು ಗೇಣು ದೂರದಲ್ಲಿ ಬಣ್ಣದ ಚುಕ್ಕೆ ಥರ ಹೊಳೆಯೋದು ಕಾಣಬಹುದು. ಚಪ್ಪಟೆ ಹರಳುಗಳು ತಟ್ಟೆ ಥರ ಅಡ್ಡಡ್ಡ ಮಲಗಿಕೊಂಡು ಇಳೀತಿದ್ರೆ ಹೀಗಾಗತ್ತೆ. ಸೂರ್ಯ ದಿಗಂತದಿಂದ 61 ಡಿಗ್ರಿಗಿಂತ ಮೇಲೆ ಹೋದ್ರೆ ಅದು ಆಗೋದೇ ಇಲ್ಲ, ಹಾಗಾಗಿ ಮಧ್ಯಾಹ್ನ ಅದನ್ನ ಹುಡುಕಿ ಟೈಮ್ ವೇಸ್ಟ್ ಮಾಡ್ಬೇಡಿ.

ಮಧ್ಯಾಹ್ನ ಹುಡುಕೋಕೆ ಬೇರೆ ಇದೆ, ಅದು ನಮ್ಮ ಕಡೆಯವರ ಅದೃಷ್ಟ ಅಂತಾನೇ ಹೇಳ್ಬೇಕು. ಸೂರ್ಯ 58 ಡಿಗ್ರಿಗಿಂತ ಮೇಲಿದ್ರೆ ಅದೇ ತಟ್ಟೆ ಹರಳಿನ ಪಕ್ಕದ ಮುಖದಿಂದ ಒಳಗೆ ಹೋದ ಬೆಳಕು ತಳದ ಮುಖದಿಂದ ಹೊರಗೆ ಬಂದು, ಸೂರ್ಯನ ಕೆಳಗೆ, ದಿಗಂತಕ್ಕೆ ಸಮಾನಾಂತರವಾಗಿ ಅಗಲವಾದ ಬಣ್ಣದ ಪಟ್ಟಿ ಮಾಡತ್ತೆ. ಲಂಡನ್ನಲ್ಲಿ ಸೂರ್ಯ ಜೂನಲ್ಲೂ 62 ಡಿಗ್ರಿ ದಾಟಲ್ಲ, ಅಲ್ಲಿಯವರಿಗೆ ಬೇಸಿಗೇಲಿ ಕೆಲವೇ ವಾರ ಚಾನ್ಸು. ಬೆಂಗಳೂರಲ್ಲಿ ಜನವರಿ ಕೊನೆಯಿಂದ ನವೆಂಬರ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ 58ರ ಮೇಲೇ ಇರ್ತಾನೆ. ಏಪ್ರಿಲ್ ಮೇನಲ್ಲಿ ಹತ್ತೂವರೆಯಿಂದ ಎರಡು ಗಂಟೆ ತನಕ ಆರಾಮಾಗಿ ನೋಡಬಹುದು. ಆದ್ರೆ ನಾವೆಲ್ಲ ತಲೆ ಮೇಲಿನ ಉಂಗುರ ನೋಡ್ತಾ ನಿಂತಿರ್ತೀವಿ, ಇದು ಇರೋದು ಕೆಳಗೆ, ಕೈ ಚಾಚಿ ಮುಷ್ಟಿ ಹಿಡಿದ್ರೆ ದಿಗಂತದಿಂದ ಒಂದರಿಂದ ಮೂರು ಮುಷ್ಟಿ ಎತ್ತರದಲ್ಲಿ, ಎದುರು ಅಪಾರ್ಟ್‌ಮೆಂಟ್ ಹಿಂದೆ ಅಡಗಿ ಹೋಗತ್ತೆ. ಸೂರ್ಯ ಯಾವ ದಿಕ್ಕಿಗೆ ವಾಲಿದಾನೋ ಆ ದಿಕ್ಕು ಖಾಲಿ ಇರೋ ಕಡೆ, ಕೆರೆ ಏರಿ ಮೇಲೋ ಮೈದಾನದಲ್ಲೋ ನಿಂತು ನೋಡಿ. ಅದರ ಬಣ್ಣದ ಮುಂದೆ ಉಂಗುರದ ಬಣ್ಣ ಏನೂ ಅಲ್ಲ.

ಮೋಡಕ್ಕೆ ಕಾಯೋಕಾಗಲ್ಲ ಅಂದ್ರೆ ಮನೇಲೇ ಇದಕ್ಕೆ ಹತ್ತಿರದ್ದೊಂದು ಮಾಡಿ. ಬೆಳಿಗ್ಗೆ ಏಳೂವರೆ ಒಳಗೆ, ಬಿಸಿಲು ಅಡ್ಡಡ್ಡ ಬೀಳೋವಾಗ, ಗಾಜಿನ ಲೋಟಕ್ಕೆ ಕಂಠಮಟ್ಟ ನೀರು ತುಂಬಿ ಟೇಬಲ್ ಅಂಚಿಗೆ ಇಡಿ. ಬೆಳಕು ನೀರಿನ ಮೇಲಿನಿಂದ ಒಳಗೆ ಹೋಗಿ ಲೋಟದ ಪಕ್ಕದಿಂದ ಹೊರಗೆ ಬಂದು ನೆಲದ ಮೇಲೆ ಬಣ್ಣ ಬೀಳತ್ತೆ, ಕಾಣ್ದಿದ್ರೆ ಕೆಳಗೆ ಬಿಳಿ ಪೇಪರ್ ಹಿಡೀರಿ. ಅಮ್ಮನಿಗೆ ನಾನು ತೋರಿಸಿದ್ದು ಇದನ್ನೇ, ಮಾರನೇ ದಿನ ಬೆಳಿಗ್ಗೆ ಅಡುಗೆಮನೆ ಕಿಟಕಿ ಹತ್ರ. ಅವರು ಲೋಟ ಸ್ವಲ್ಪ ಆಕಡೆ ಈಕಡೆ ಸರಿಸಿ ನೋಡಿದ್ರು, ಬಣ್ಣಾನೂ ಜೊತೆಗೇ ಸರೀತು, ಆಮೇಲೆ ಒಂದೂ ಮಾತಾಡದೆ ಸಂಡಿಗೆ ತಟ್ಟೆ ತಗೊಂಡು ಮೇಲೆ ಹೋದ್ರು.